ನಾನು ನಡೆಸದೇ ಹೋದ ಕುದುರೆ

ಆ ಕುದುರೆಯನ್ನು ನಾನು ನಡೆಸಲಿಲ್ಲ. ನಡೆಸಿದೆ ಎಂದು ಹೇಳಿದೆ. ಐದು ವರ್ಷ ಅದನ್ನೇ ಹೇಳಿಕೊಂಡು ಬಂದೆ. ಆ ಸುಳ್ಳಿನಿಂದಾದ ತಪ್ಪನ್ನು ಕುಣಿಗಲ್‌ನ ನನ್ನ ಗೆಳೆಯ ಮಂಜುನಾಥ ಹೊತ್ತುಕೊಂಡ.

ಕುದುರೆ ನಿಜವಾದದ್ದಲ್ಲ, ಕಂಪ್ಯೂಟರ್ ಆಟದೊಳಗಿನದು. ಇಲ್ಲಿಗೇ ಕೆಲವರು ನಗಬಹುದು, ಆಟದ ವಿಷಯಕ್ಕೆ ಇಷ್ಟೊಂದಾ ಎಂದು. ನಾನೂ ಹಾಗೆ ನಕ್ಕೇ ಇಷ್ಟು ದಿನ ತಪ್ಪಿಸಿಕೊಂಡವನು. ಒಂದು ಆಟ ತಾನೇ — ಯಾರ ಮನೆ ಮುಳುಗಿತು? ಯಾರ ಮನೆ ಮುಳುಗಿತು ಎಂದು ಹೇಳುವುದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಹೆಬ್ಬೂರಿನ ಹತ್ತಿರದ ಹಳ್ಳಿ. ನಮ್ಮ ಮನೆಯಲ್ಲಿ, ನಮ್ಮ ಅಪ್ಪನ ಕಡೆಯಲ್ಲಿ, ಅಮ್ಮನ ಕಡೆಯಲ್ಲಿ, ಎಲ್ಲೂ ಡಿಗ್ರಿ ಮಾಡಿದವರಿರಲಿಲ್ಲ. ಮೊದಲು ಮಾಡಿದವನು ನಾನು, ಬಿಎಸ್ಸಿ. ಬೆಳಿಗ್ಗೆ ಹಾಲು ಡೈರಿಗೆ ಹಾಕಿ, ಏಳರ ಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡು ತುಮಕೂರಿಗೆ ಹೋಗಿ ಮಾಡಿದ ಡಿಗ್ರಿ. ಅದರ ಬಗ್ಗೆ ನನಗೆ ಹೆಮ್ಮೆಯಿತ್ತು. ಈಗಲೂ ಇದೆ, ಇಲ್ಲವೆಂದರೆ ಇನ್ನೊಂದು ಸುಳ್ಳಾಗುತ್ತದೆ. ಊರಿನಲ್ಲಿ ಯಾವ ಅರ್ಜಿ ಬರೆದರೂ, ಯಾವ ಮನೆಯ ಲಗ್ನಪತ್ರಿಕೆ ಅಚ್ಚಿಗೆ ಹೋಗುವುದಿದ್ದರೂ ಮೊದಲು ನನ್ನ ಹತ್ತಿರ ಬರುತ್ತಿತ್ತು. ನಾನು ಓದಿ "ಸರಿಯಾಗಿದೆ" ಎಂದರೆ ಮುಗಿಯಿತು. "ಓದಿರೋನು ನೋಡವ್ನೆ" ಎಂದು ಹೇಳಿ ಬೇರೆಯವರು ಅದನ್ನು ಬಿಚ್ಚಿ ಕೂಡ ನೋಡುತ್ತಿರಲಿಲ್ಲ. ಆ ಕಾಗದಗಳನ್ನೆಲ್ಲ ನಾನು ಅಕ್ಷರ ಬಿಡದೆ ಓದುತ್ತಿದ್ದೆ. ಅದು ನಿಜ. ಅದಕ್ಕೇ ಜನ ನನ್ನ ಮಾತು ನಂಬುವುದು ರೂಢಿಯಾಗಿತ್ತು — ನಂಬಿಸುವುದು ನನಗೂ ರೂಢಿಯಾಗಿತ್ತು.

ಗಿರೀಶ, ಮಂಜುನಾಥ, ನಾನು ಪಿಯುಸಿಯಲ್ಲಿ ತುಮಕೂರಿನ ಒಂದೇ ಹಾಸ್ಟೆಲಿನಲ್ಲಿದ್ದವರು. ಗುಬ್ಬಿಯ ಗಿರೀಶ ಎರಡನೇ ವರ್ಷ ಫೇಲಾಗಿ ಊರಿಗೆ ಹೋಗಿ ಅಲ್ಲಿನ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಟೈಪಿಂಗ್, ಝೆರಾಕ್ಸ್ ಅಂಗಡಿಗೆ ಕೆಲಸಕ್ಕೆ ಸೇರಿದ. ಮಂಜ ಐಟಿಐ ಮಾಡಿದ. ಅವನ ತಂದೆ ಕೆಂಪಯ್ಯನವರು ಕುಣಿಗಲ್‌ನಲ್ಲಿ ಕುದುರೆ ನೋಡಿಕೊಳ್ಳುವ ಕೆಲಸದಲ್ಲಿದ್ದರು. ಉಜ್ಜುವುದು, ಮೇವು ಹಾಕುವುದು, ನಡೆಸುವುದು. ನಮ್ಮ ಮೂವರನ್ನೂ ಕಟ್ಟಿಹಾಕಿದ್ದು ಒಂದೇ ಆಟ. ಕತ್ತಿ, ಮಾಟ, ಬೆಂಕಿ ಉಗುಳುವ ಡ್ರ್ಯಾಗನ್ನುಗಳಿರುವ ದೊಡ್ಡ ಆಟ. ಅದರಲ್ಲಿ ನೀವೊಬ್ಬ ವೀರ. ಊರೂರು ತಿರುಗುತ್ತೀರಿ, ಸಿಕ್ಕವರು ಏನಾದರೂ ಕೆಲಸ ಹೇಳುತ್ತಾರೆ. ಅದಕ್ಕೆ ಕ್ವೆಸ್ಟ್ ಎನ್ನುತ್ತೇವೆ. ಕೆಲವನ್ನು ಮಾಡದಿದ್ದರೆ ಕತೆ ಮುಂದಕ್ಕೆ ಹೋಗುವುದಿಲ್ಲ. ಕೆಲವನ್ನು ಬೇಕಾದರೆ ಮಾಡಬಹುದು, ಬೇಡವಾದರೆ ಬಿಡಬಹುದು. ಇದರ ಮೇಲೆ, ಆಡುವವರೇ ತಮ್ಮ ಕೈಯಾರೆ ಹೊಸ ಊರು, ಹೊಸ ಕ್ವೆಸ್ಟ್ ಕಟ್ಟಿ ಆಟಕ್ಕೆ ಸೇರಿಸಬಹುದು. ಅದಕ್ಕೆ ಮಾಡ್ ಎಂದು ಹೆಸರು. ಜಗತ್ತಿನ ಯಾವ ಮೂಲೆಯವರು ಬೇಕಾದರೂ ಅದನ್ನು ಇಳಿಸಿಕೊಂಡು ಆಡಬಹುದು.

ಗಿರೀಶ ಅಂಥದ್ದೊಂದು ಕಟ್ಟಿದ. ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲೆಲ್ಲ ಕೂತು, ಎಂಟು ತಿಂಗಳು. ಒಂದು ದೊಡ್ಡ ಕೆರೆ. ಏರಿಯ ಮೇಲೆ ಹಗ್ಗ ಹಿಡಿದು ನಿಂತ ಒಬ್ಬ ಮುದುಕ. ಅವನ ಪಕ್ಕದಲ್ಲಿ ಗಬ್ಬದ ಕುದುರೆ, ದಿನ ತುಂಬಿದ್ದು. ವೀರ ಅದರ ಹಗ್ಗ ಹಿಡಿದು ಕೆರೆಯ ಸುತ್ತ ಮೂರು ಸುತ್ತು ನಡೆಸಬೇಕು. ಹತ್ತಬಾರದು, ಓಡಿಸಬಾರದು. ಮೂರನೇ ಸುತ್ತು ಮುಗಿದಾಗ ಅದು ಮಲಗಿ ಮರಿ ಹಾಕುತ್ತದೆ. ಅಷ್ಟೇ. ಕೊಲ್ಲುವುದಿಲ್ಲ, ಗೆಲ್ಲುವುದಿಲ್ಲ. ಮಾಡದಿದ್ದರೂ ನಡೆಯುತ್ತದೆ.

ಮುದುಕನ ದನಿ ಕೆಂಪಯ್ಯನವರದು. ಮಂಜ ಮೊಬೈಲ್ ಹಿಡಿದು ಮಾತಾಡಿಸಲು ಹೋದರೆ ಅವರಿಗೆ ಮಾತೇ ಬರಲಿಲ್ಲವಂತೆ. "ಏನ್ಲಾ, ಈ ಡಬ್ಬ ನೋಡ್ಕಂಡು ಒಬ್ನೇ ಮಾತಾಡು ಅಂತೀಯ. ಯಾರಾನ ಕಂಡ್ರೆ ಕೆಂಪಯ್ಯಂಗೆ ತಲೆ ಕೆಟ್ಟೈತೆ ಅಂದಾರು!" ಕೊನೆಗೆ ಕೈಗೆ ನಿಜವಾದ ಹಗ್ಗ ಬಂದು ನಿಜವಾದ ಕುದುರೆ ಪಕ್ಕದಲ್ಲಿ ನಿಂತಾಗ ಮಾತು ತಾನಾಗಿ ಬಂತಂತೆ. ಮಂಜ ಹಿಂದೆ ಹಿಂದೆ ನಡೆದು ರೆಕಾರ್ಡ್ ಮಾಡಿದ. ಅದಕ್ಕೇ ಆ ದನಿಯ ಹಿಂದೆ ಗೊರಸಿನ ಸದ್ದಿದೆ. "ಮುಂದೋಗಿ ಎಳೀಬ್ಯಾಡ. ಪಕ್ಕದಾಗೆ ನಡಿ. ಅವ್ಳ ಹೆಜ್ಜೆಗೆ ನಿನ್ ಹೆಜ್ಜೆ ಇಕ್ಕು."

ಮಾಡ್ ಹೊರಗೆ ಬಿಡುವ ಮುಂಚೆ ಗಿರೀಶ ಪೆನ್‌ಡ್ರೈವ್ ತಂದು ನನ್ನ ಕೈಗೆ ಕೊಟ್ಟ. ಆಗ ನಾನು ಡಿಗ್ರಿ ಮುಗಿಸಿ ತುಮಕೂರಿನ ಮರಳೂರಿನಲ್ಲಿ ರೂಮು ಮಾಡಿಕೊಂಡು ಕೆಲಸದ ಪರೀಕ್ಷೆಗಳಿಗೆ ಓದಿಕೊಳ್ಳುತ್ತಿದ್ದೆ.

"ಶುರುವಿಂದ ಕೊನೆಗಂಟ ಒಂದೇ ಸಲಕ್ಕೆ ಆಡ್ಬೇಕು ಲೋಕಿ," ಎಂದ. "ನಾನು ತುಂಡು ತುಂಡು ಮಾಡ್ಕಂಡು ನೋಡಿದೀನಿ. ಅಡುಗೆ ಮಾಡ್ದೋರಿಗೆ ಉಪ್ಪು ಗೊತ್ತಾಗಲ್ಲ ಕಣೋ. ನೀನು ಸರಿಯಿದೆ ಅಂದ್ರೆ ಮಂಜಂಗೆ ಕಳಿಸ್ತೀನಿ, ಅವ್ನು ಎಲ್ಲ ಒಟ್ಟು ಕಟ್ಟಿ ಅಪ್ಲೋಡ್ ಮಾಡ್ತಾನೆ."

ಅದೊಂದು ಭಾನುವಾರ. ಬೆಳಿಗ್ಗೆಯೇ ಹಾಕಿಕೊಂಡೆ. ಏರಿಯ ಮೇಲೆ ಮುದುಕ ಕರೆದ. ಮಾತು ಪೂರ್ತಿ ಕೇಳದೆ ಗುಂಡಿ ಒತ್ತಿ ಹಾರಿಸಿದೆ. ಹಗ್ಗ ಹಿಡಿದೆ. ನೂರು ಹೆಜ್ಜೆ ನಡೆದಿರಬಹುದು — ಇಲ್ಲ, ಅಷ್ಟೂ ಇಲ್ಲ. ಅದು ನಿಧಾನ. ಕುದುರೆ ನಿಲ್ಲುತ್ತದೆ, ಹುಲ್ಲು ಮೂಸುತ್ತದೆ, ಮತ್ತೆ ನಡೆಯುತ್ತದೆ. ಇದೇನು ಕ್ವೆಸ್ಟು ಎನಿಸಿತು. ಹಗ್ಗ ಬಿಟ್ಟು ಡ್ರ್ಯಾಗನ್ ಕೊಲ್ಲಲು ಬೆಟ್ಟದ ಕಡೆ ಹೋದೆ. ಹೊತ್ತು ಮುಳುಗುವವರೆಗೂ ಅದನ್ನೇ ಆಡಿದೆ. ಆದ್ದರಿಂದ ಹೊತ್ತಿರಲಿಲ್ಲ, ಓದುವುದಿತ್ತು ಎಂದು ನಾನು ಹೇಳುವಂತಿಲ್ಲ. ಇಡೀ ದಿನ ಇತ್ತು. ಆ ಮೂರು ಸುತ್ತಿಗೆ ಬೇಕಾದದ್ದು ಮುಕ್ಕಾಲು ಗಂಟೆ.

ಸಂಜೆ ಗಿರೀಶನ ಫೋನು. "ಆಯ್ತಾ?"

"ಆಯ್ತು."

"ಕೊನೇಲಿ ಮರಿ ಹೆಂಗ್ ಬಂತೋ?"

"ಸೂಪರ್ ಕಣೋ," ಎಂದೆ.

ಅಲ್ಲಿಗೆ ನಿಲ್ಲಿಸಿದ್ದರೂ ಅದೊಂದು ಸೋಮಾರಿಯ ಸುಳ್ಳಾಗುತ್ತಿತ್ತು. ನಾನು ನಿಲ್ಲಿಸಲಿಲ್ಲ. ಆ ಆಟದಲ್ಲಿ ಒಂದು ಕಪ್ಪು ಪಟ್ಟಿ ತೆರೆದು ಒಂದು ಸಾಲು ಟೈಪ್ ಮಾಡಿದರೆ, ಮಾಡದ ಕ್ವೆಸ್ಟ್ ಕೂಡ ಮಾಡಿದ್ದರ ಲೆಕ್ಕಕ್ಕೆ ಬಂದುಬಿಡುತ್ತದೆ. ಅದನ್ನು ಮಾಡಿದೆ. ಮುಗಿದ ಕ್ವೆಸ್ಟುಗಳ ಪಟ್ಟಿಯಲ್ಲಿ ಅದರ ಹೆಸರು ಬಂತು. ಆ ಪರದೆಯ ಫೋಟೋ ತೆಗೆದು ನಮ್ಮ ಗ್ರೂಪಿಗೆ ಹಾಕಿದೆ. ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಆಟದ ಹುಚ್ಚಿನವರು ಮೂವತ್ತು ಜನ ಇದ್ದ ಗ್ರೂಪು. ಕೆಳಗೆ ಬರೆದೆ: "ಪೂರ್ತಿ ಆಡಿದೆ. ಎಲ್ಲ ಪಕ್ಕಾ." ಯಾಕೆ ಮಾಡಿದೆ? ಕೇಳಿಕೊಂಡಾಗಲೆಲ್ಲ ಒಂದೇ ಉತ್ತರ ಬರುತ್ತದೆ, ಅದು ಚೆನ್ನಾಗಿಲ್ಲ. ಪಿಯುಸಿ ಫೇಲಾದವನು, ಐಟಿಐ ಮಾಡಿದವನು ಸೇರಿ ಕಟ್ಟಿದ್ದು — ಅದಕ್ಕೆ ನನ್ನ ಕಣ್ಣು ಬೇಕಿಲ್ಲ, ನನ್ನ ಹೆಸರು ಸಾಕು ಎಂದುಕೊಂಡೆ.

ಮಂಜ ಎಲ್ಲ ಕಟ್ಟಿ ಅಪ್ಲೋಡ್ ಮಾಡಿದ. ಎರಡು ದಿನ ನಾವು ಫೋನ್ ಕೆಳಗಿಡಲಿಲ್ಲ. ಯಾವ ಯಾವುದೋ ದೇಶದವರು ಇಳಿಸಿಕೊಳ್ಳುತ್ತಿದ್ದರು. ಮೂರನೇ ದಿನ ದೂರು ಶುರುವಾಯಿತು. ಮೂರು ಸುತ್ತು ಮುಗಿದರೂ ಕುದುರೆ ಮಲಗುತ್ತಿಲ್ಲ. ಮುದುಕ ಅದೇ ಮಾತು ಹೇಳುತ್ತಿದ್ದಾನೆ: "ಇನ್ನೊಂದ್ ಸುತ್ತು ನಡ್ಸು ಮಗ." ನಾಲ್ಕಾದರೂ ಅದೇ, ಹತ್ತಾದರೂ ಅದೇ. ಯಾರೋ ಒಬ್ಬ ಹಟಕ್ಕೆ ಬಿದ್ದು ನಲವತ್ತು ಸುತ್ತು ನಡೆಸಿ ವಿಡಿಯೊ ಹಾಕಿದ. ಇನ್ನೊಬ್ಬ ಆ ದನಿ ಕತ್ತರಿಸಿ ತಮಟೆ ಸೇರಿಸಿದ. ಅದು ನಮ್ಮ ಕಡೆಯ ಫೋನುಗಳಿಗೂ ಬಂತು. ಕುಣಿಗಲ್‌ನಲ್ಲಿ ಹುಡುಗರು ಕೆಂಪಯ್ಯನವರನ್ನು ಕಂಡರೆ "ಇನ್ನೊಂದ್ ಸುತ್ತು ತಾತೋ!" ಎಂದು ಕೂಗತೊಡಗಿದರು.

ಮೂವರೂ ಗುಬ್ಬಿಯ ಅಂಗಡಿಯಲ್ಲಿ ಸೇರಿದೆವು. ಮಧ್ಯಾಹ್ನ, ಮಾಲೀಕರು ಊಟಕ್ಕೆ ಹೋಗಿದ್ದರು. ಗಿರೀಶ ತನ್ನ ಹತ್ತಿರವಿದ್ದ ಮೂಲ ಪ್ರತಿ ತೆರೆದು ಕೊನೆಯ ತುಂಡು ತೋರಿಸಿದ. ಅಲ್ಲಿ ಕುದುರೆ ಮಲಗಿತು, ಮರಿ ಬಂತು.

"ನೋಡು, ನನ್ ಹತ್ರ ಸರಿ ಐತೆ. ಲೋಕಿ ಪೂರ್ತಿ ಆಡವ್ನೆ, ಅವ್ನ ಹತ್ರಾನೂ ಸರಿ ಇತ್ತು. ಆಮೇಲೆ ಕೈ ಇಟ್ಟೋನು ನೀನೊಬ್ನೇ ಮಂಜ."

"ಲೇ, ನಾನು ಮೂಟೆ ಕಟ್ಟಿ ಹಾಕ್ದೋನು ಅಷ್ಟೇ. ಬಾಯಿ ಬಿಚ್ಚಿ ಒಳಗೆ ಕೈ ಹಾಕಿಲ್ಲ ಕಣೋ."

"ಹಂಗಾರೆ ಮೂಟೇಲಿ ಇಲಿ ಬಿತ್ತಾ?"

ಝೆರಾಕ್ಸ್‌ಗೆ ನಿಂತಿದ್ದ ಇಬ್ಬರು ಕಿಸಕ್ಕನೆ ನಕ್ಕರು. ಮಂಜ ನನ್ನ ಕಡೆ ತಿರುಗಿದ. "ಲೋಕಿ, ನಿಜ ಹೇಳು. ಮೂರ್ನೇ ಸುತ್ತು ಆದ್ಮೇಲೆ ನೀನು ಕಣ್ಣಾರೆ ನೋಡ್ದಾ?"

ಅವನು ಕೇಳಿದ. ಸರಿಯಾದ ಪ್ರಶ್ನೆಯನ್ನೇ, ಸರಿಯಾದವನನ್ನೇ ಕೇಳಿದ. ಒಂದು ಮಾತಿನಲ್ಲಿ ಮುಗಿಯುತ್ತಿತ್ತು — ಗಿರೀಶ ಬಯ್ಯುತ್ತಿದ್ದ, ಎರಡು ದಿನ ಮುಖ ಊದಿಸಿಕೊಳ್ಳುತ್ತಿದ್ದ, ಆಮೇಲೆ ಮೂವರೂ ಕೂತು ಸರಿಪಡಿಸುತ್ತಿದ್ದೆವು.

"ನಾನ್ ಆಡ್ದಾಗ ಸರಿಯಾಗೇ ಇತ್ತು," ಎಂದೆ.

"ಇನ್ನೇನು ಬೇಕು?" ಎಂದ ಗಿರೀಶ. "ಡಿಗ್ರಿ ಮಾಡಿರೋನು, ಸುಳ್ಳು ಹೇಳ್ತಾನಾ?"

ಮಂಜ ಹೆಲ್ಮೆಟ್ ತೆಗೆದುಕೊಂಡು ಹೋದ.

ಒಂದು ವಾರ ಕಳೆದು ಅವನು ಮರಳೂರಿಗೆ ಬಂದ. ಬೆಳಿಗ್ಗೆ ಹತ್ತು ಗಂಟೆ. ರೂಮಿನ ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತ. "ಮೂರ್ ಸಲ ಬಿಚ್ಚಿ ನೋಡ್ದೆ ಕಣೋ. ಎಲ್ಲಿ ಕೆಡಿಸ್ದೆ ಅಂತ ಗೊತ್ತಾಗ್ತಿಲ್ಲ. ನೀನು ಆಡ್ದಾಗ ಸರಿ ಇತ್ತು ಅಂದ್ಮೇಲೆ ನಾನೇ ಎಲ್ಲೋ ಎಡವಟ್ಟು ಮಾಡಿರ್ಬೇಕು. ಎಲ್ರ ಕೆಲ್ಸಾನೂ ಹಾಳು ಮಾಡ್ಬುಟ್ಟೆ. ಸಾರಿ ಕಣೋ ಲೋಕಿ."

ನಾನು ಏನು ಹೇಳಿದೆ ಗೊತ್ತೇ? "ಪರ್ವಾಗಿಲ್ಲ ಬುಡೋ, ಆಗುತ್ತೆ," ಎಂದೆ. ಕ್ಷಮಿಸಿದೆ. ನಾನು ಅವನನ್ನು ಕ್ಷಮಿಸಿದೆ! ಅವನ ಮುಖ ಸ್ವಲ್ಪ ಹಗುರವಾದದ್ದೂ ಕಂಡಿತು. ಇದನ್ನು ಬರೆಯುವಾಗ ಮಧ್ಯೆ ಎರಡು ಸಲ ಎದ್ದು ಹೋಗಿ ಬಂದೆ.

ಗಿರೀಶ ಮಾಡ್ ತೆಗೆದುಹಾಕಿದ, ತನ್ನ ಪ್ರತಿಯನ್ನೂ ಅಳಿಸಿದ. ಅವನೂ ಮಂಜನೂ ಸೇರಿ ಕುಣಿಗಲ್‌ನಲ್ಲಿ ಒಂದು ಕಂಪ್ಯೂಟರ್ ಅಂಗಡಿ ತೆರೆಯುವ ಮಾತಾಗಿತ್ತು, ಜಾಗವನ್ನೂ ನೋಡಿದ್ದರು. ಗಿರೀಶ ಹಿಂದೆ ಸರಿದ. "ಫೈಲು ಕಟ್ಟಕ್ಕೂ ಬರ್ದೇ ಇರೋನ ಜೊತೆ ಏನ್ ಅಂಗಡಿ?" ಎಂದು ಗ್ರೂಪಿನಲ್ಲೇ ಬರೆದ. ಮಂಜ ಗ್ರೂಪು ಬಿಟ್ಟ. ಹೆದ್ದಾರಿಯ ಪಕ್ಕದ ಒಂದು ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸಕ್ಕೆ ಸೇರಿದ. ಕಂಪ್ಯೂಟರಿನ ಕೆಲಸ ತನ್ನ ಕೈಗೆ ಹತ್ತುವುದಲ್ಲ ಎಂದು ಯಾರು ಕೇಳಿದರೂ ಹೇಳುತ್ತಿದ್ದನಂತೆ. ಗಿರೀಶ ಗುಬ್ಬಿಯಲ್ಲಿ ತನ್ನದೇ ಅಂಗಡಿ ಮಾಡಿದ. ನಾನು ತುಮಕೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ.

ಇನ್ನೊಂದು ವಿಷಯ ಹೇಳಬೇಕು. ಐದು ವರ್ಷ ನನ್ನೊಳಗೆ ಒಂದು ಆಸೆ ಇತ್ತು — ಒಂದು ಪಕ್ಷ ಮಂಜನೇ ಕೆಡಿಸಿರಬಹುದಲ್ಲ? ಕಟ್ಟುವಾಗ ಏನೋ ಆಗಿರಬಹುದಲ್ಲ? ಆಗ ನನ್ನ ಸುಳ್ಳಿನಿಂದ ಯಾರಿಗೂ ಏನೂ ಆಗಿಲ್ಲ. ಗಿರೀಶ ಕೊಟ್ಟ ಪ್ರತಿ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಹಾಗೇ ಇತ್ತು. ತೆರೆದು ಮುಕ್ಕಾಲು ಗಂಟೆ ಆಡಿದ್ದರೆ ಗೊತ್ತಾಗುತ್ತಿತ್ತು. ಐದು ವರ್ಷದಲ್ಲಿ ಒಂದು ಸಲವೂ ತೆರೆಯಲಿಲ್ಲ. ಗೊತ್ತಿಲ್ಲದಿರುವುದನ್ನು ನಾನು ಜೋಪಾನವಾಗಿ ಸಾಕಿಕೊಂಡಿದ್ದೆ.

ಕಳೆದ ತಿಂಗಳು ಕೆಲಸದ ಮೇಲೆ ಕುಣಿಗಲ್‌ಗೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಕೆಂಪಯ್ಯನವರು ಸಿಕ್ಕಿದರು. ಈಗ ಕೆಲಸ ಬಿಟ್ಟಿದ್ದಾರೆ, ಮಂಡಿ ನೋವು. ನನ್ನನ್ನು ಕಂಡು ಬೆಂಚಿನಿಂದ ಏಳಲು ಹೋದರು.

"ಮೇಷ್ಟ್ರೇ, ಚೆನ್ನಾಗಿದೀರಾ?" ಎಂದರು. ಮೊದಲೆಲ್ಲ 'ಬಾರ್ಲಾ' ಎನ್ನುತ್ತಿದ್ದವರು. ಆ ಮಾತು ಈ ಮಾತು ಆಡಿ, ಆಮೇಲೆ ದನಿ ತಗ್ಗಿಸಿದರು. "ಆ ಆಟದ್ದು... ನಮ್ ಹುಡ್ಗ ಕೆಡಿಸ್ಬುಟ್ಟ. ನೀವೆಲ್ಲ ಓದ್ದೋರು, ಅಷ್ಟು ಕಷ್ಟ ಬಿದ್ದಿದ್ರಿ. ನಾನಾಗೇ ನಿಮ್ಗೆ ಒಂದ್ ಮಾತು ಯೋಳ್ಬೇಕು ಅಂತಿದ್ದೆ. ಮನಸ್ನಾಗೆ ಇಟ್ಕಬ್ಯಾಡಿ."

ಮಗ ಕ್ಷಮೆ ಕೇಳಿದ್ದ. ಈಗ ಅಪ್ಪ ಕೇಳುತ್ತಿದ್ದರು. ನನ್ನ ಬಸ್ಸು ಬಂತು. ಹತ್ತಿದೆ. ಹೌದು, ಆಗಲೂ ಹೇಳಲಿಲ್ಲ — ಬಸ್ ಹತ್ತಿ ಕೂತೆ.

ಅದಾದ ಮೇಲಿನ ಭಾನುವಾರ ಹಳೆಯ ಲ್ಯಾಪ್‌ಟಾಪ್ ತೆಗೆದು ಆಟವನ್ನು ಹೊಸದಾಗಿ ಶುರು ಮಾಡಿದೆ. ಮುದುಕ ಕರೆದ. ಈ ಸಲ ಅವನ ಮಾತು ಪೂರ್ತಿ ಕೇಳಿದೆ. ಹಗ್ಗ ಹಿಡಿದು ಪಕ್ಕದಲ್ಲಿ ನಡೆದೆ. ಕುದುರೆ ನಿಂತಾಗ ನಿಂತೆ. ಚೆನ್ನಾಗಿತ್ತು. ಇದನ್ನು ಹೇಳದಿರಲಾರೆ, ಅದು ಬಹಳ ಚೆನ್ನಾಗಿತ್ತು. ಎರಡನೇ ಸುತ್ತಿನ ಹೊತ್ತಿಗೆ ಆ ಪ್ರಾಣಿಯ ಹೊಟ್ಟೆಯ ಭಾರ ನನ್ನ ಕೈಗೇ ತಿಳಿದ ಹಾಗಾಯಿತು. ಮೂರನೇ ಸುತ್ತು ಮುಗಿಸಿ ಕೆರೆ ಕೋಡಿಯ ಹತ್ತಿರ ಬಂದೆ. "ಇನ್ನೊಂದ್ ಸುತ್ತು ನಡ್ಸು ಮಗ," ಎಂದಿತು ಕೆಂಪಯ್ಯನವರ ದನಿ. ಮತ್ತೆ ನಡೆಸಿದೆ. ಅದೇ ಮಾತು. ಮಂಜನ ಕೈಗೆ ಹೋಗುವುದಕ್ಕೂ ಮುಂಚಿನ ಪ್ರತಿ ಅದು. ತಪ್ಪು ಮೊದಲಿನಿಂದಲೂ ಅಲ್ಲೇ ಇತ್ತು. ಮಧ್ಯದಿಂದ ಆಡಿದರೆ ಕಾಣುವುದಿಲ್ಲ, ಶುರುವಿನಿಂದ ನಡೆದರೆ ಮಾತ್ರ ಕಾಣುತ್ತದೆ. ಅದನ್ನು ನೋಡಲಿ ಎಂದೇ ಗಿರೀಶ ನನಗೆ ಕೊಟ್ಟಿದ್ದ.

ಮೊದಲು ಗುಬ್ಬಿಗೆ ಹೋಗಿ ಗಿರೀಶನಿಗೆ ಹೇಳಿದೆ. ಅವನು ಕೈಲಿದ್ದ ಕಾಗದ ಪಕ್ಕಕ್ಕಿಟ್ಟ. ಬಯ್ಯಲಿಲ್ಲ. "ಮಂಜಂಗೆ ಹೇಳ್ದಾ?" ಎಂದ.

"ಇಲ್ಲ."

"ಇಲ್ಲಿಗ್ ಯಾಕ್ ಬಂದೆ ಮತ್ತೆ? ನಾನು ಅವನ್ಗೆ ಏನೇನ್ ಅಂದಿದೀನಿ ಗೊತ್ತೇನ್ಲಾ ನಿಂಗೆ?" ಪಕ್ಕಕ್ಕಿಟ್ಟ ಕಾಗದ ಮತ್ತೆ ಎತ್ತಿಕೊಂಡು, "ಹೋಗು. ನನ್ ಮುಂದೆ ನಿಂತ್ಕಬೇಡ," ಎಂದ.

ಅಲ್ಲಿಂದ ಕಾರ್ಖಾನೆಗೆ ಹೋಗಿ ಗೇಟಿನ ಹತ್ತಿರ ಕಾದೆ. ಮಂಜ ಮಧ್ಯಾಹ್ನದ ಶಿಫ್ಟ್ ಮುಗಿಸಿ ಬಂದ. ರಸ್ತೆ ಪಕ್ಕದಲ್ಲಿ ನಿಂತು ಎಲ್ಲ ಹೇಳಿದೆ. ಲಾರಿಗಳು ಹೋಗುತ್ತಿದ್ದವು, ಕೆಲವು ಮಾತು ಎರಡೆರಡು ಸಲ ಹೇಳಬೇಕಾಯಿತು. ಅದೂ ಒಂದು ಶಿಕ್ಷೆಯೇ.

"ನಾನು ಹೋಗಿ ನಿನ್ ಬಾಗ್ಲಲ್ಲಿ ಸಾರಿ ಕೇಳಿದ್ನಲ್ಲೋ," ಎಂದ ಮಂಜ.

ಗಾಡಿಯ ಕಡೆ ಎರಡು ಹೆಜ್ಜೆ ಹಾಕಿ ತಿರುಗಿದ.

"ಗ್ರೂಪಲ್ಲಿ ಮೂವತ್ತು ಜನದ್ ಮುಂದೆ ಹಾಕಿದ್ದೆ ನೀನು. ಈಗ ಬಂದು ನನ್ ಕಿವೀಲಿ ಊದಿದ್ರೆ ಆಗೋಯ್ತಾ? ಬರಿ. ಎಲ್ರಿಗೂ ಗೊತ್ತಾಗೋ ಹಂಗೆ ಬರಿ. ಬರೆಯೋಕ್ ಬರುತ್ತಲ್ಲ ನಿಂಗೆ." ಗಾಡಿ ಹತ್ತಿ ಕೂತವನು ಮತ್ತೆ ಇಳಿದ. "ಅಪ್ಪಂಗೆ ನಾನ್ ಹೇಳಲ್ಲ. ಹುಡುಗ್ರು ರೇಗಿಸ್ತಾರೆ ಅಂತ ಎರಡು ವರ್ಷ ಪೇಟೆ ಕಡೆ ಬರ್ಲಿಲ್ಲ ಅವ್ರು. ನೀನೇ ಹೇಳ್ಬೇಕು."

ಬರೆದಿದ್ದೇನೆ. ಇದು ಗ್ರೂಪಿಗೆ ಹೋಗುತ್ತದೆ, ಹಿಂದೆ ನನ್ನ ಆ ಫೋಟೋ ಹೋದಲ್ಲಿಗೆಲ್ಲ ಹೋಗುತ್ತದೆ. ಮಂಜ ಏನನ್ನೂ ಕೆಡಿಸಿರಲಿಲ್ಲ. ಅವನು ನನ್ನನ್ನು ಕ್ಷಮಿಸಿದ್ದಾನೆಯೇ ಎಂದು ನಾನು ಕೇಳಿಲ್ಲ, ಕೇಳುವುದಿಲ್ಲ. ಆ ಮಾತು ಕೇಳುವ ಹಕ್ಕನ್ನು ಮರಳೂರಿನ ಬಾಗಿಲಲ್ಲೇ ಕಳೆದುಕೊಂಡಿದ್ದೇನೆ.

ನಾಳೆ ಕುಣಿಗಲ್‌ಗೆ, ಅವರ ಮನೆಗೆ ಹೋಗುತ್ತಿದ್ದೇನೆ. ಕೆಂಪಯ್ಯನವರಿಗೆ ಓದಲು ಬರುವುದಿಲ್ಲ. ಇದನ್ನು ನಾನೇ ಅವರ ಮುಂದೆ ಕೂತು ಓದಬೇಕು. ಮಂಜ ಪಕ್ಕದಲ್ಲಿ ಇರುತ್ತೇನೆ ಎಂದಿದ್ದಾನೆ. ನನಗೆ ಧೈರ್ಯ ಕೊಡಲು ಅಲ್ಲ, ನಾನು ಎಲ್ಲೂ ಹಾರಿಸದೆ ಓದುತ್ತೇನೋ ಇಲ್ಲವೋ ನೋಡಲು.